ಒಂಬತ್ತು ನಿಮಿಷದ ಕನಸಿನಲ್ಲಿ ಮೂರು ತಿಂಗಳು ಹೇಗೆ ಹಿಡಿಸಿತು?

ಅರೆನಿದ್ದೆ

ಮೊನ್ನೆ ಬೆಳಿಗ್ಗೆ ಆದದ್ದು. ಆರು ಗಂಟೆಗೆ ಅಲಾರಂ ಹೊಡೆಯಿತು. ಸ್ನೂಝ್ ಒತ್ತಿ ಮಗ್ಗುಲು ಬದಲಿಸಿದೆ. ನನ್ನ ಫೋನಿನಲ್ಲಿ ಸ್ನೂಝ್ ಅಂದ್ರೆ ಒಂಬತ್ತು ನಿಮಿಷ. ಅದು ಮತ್ತೆ ಹೊಡೆಯುವಷ್ಟರಲ್ಲಿ ನಾನು ಮೂರು ತಿಂಗಳು ಬಾಳಿ ಬಂದಿದ್ದೆ.

ದೊಡ್ಡದೊಂದು ಹಳೇ ಮನೆ. ಅದಕ್ಕೆ ಬಣ್ಣ ಬಳಿಯುವ ಕೆಲಸ ನನ್ನದು. ಎಚ್ಚರದಲ್ಲಿ ನಾನು ಬ್ರಶ್ ಹಿಡಿದವನೇ ಅಲ್ಲ. ಹಳೇ ಬಣ್ಣ ಕೆರೆಯೋದು, ಪುಟ್ಟಿ ಹಾಕಿ ಉಜ್ಜೋದು, ಒಂದೊಂದೇ ಕೋಣೆ ಮುಗಿಸೋದು. ಜೊತೆಗೊಬ್ಬ ಮುದುಕ ಇದ್ದ. ಮಾತು ಕಡಿಮೆ. ಅವನ ಕೆಮ್ಮು, ಅವನಿಗೆ ಯಾವಾಗ ಸಿಟ್ಟು ಬರುತ್ತದೆ ಅನ್ನೋದು, ಎಲ್ಲ ನನಗೆ ಗೊತ್ತಾಗಿಬಿಟ್ಟಿತ್ತು. ಎರಡನೇ ಅಲಾರಂಗೆ ಎದ್ದಾಗ ತಲೆಗೆ ಬಂದ ಮೊದಲ ಯೋಚನೆ: ಅಯ್ಯೋ, ಅವನಿಗೆ ಹೇಳದೇ ಬಂದುಬಿಟ್ಟೆನಲ್ಲ. ಹಲ್ಲುಜ್ಜುವಾಗಲೂ ಅದೇ ಕೊರಗು.

ಇಷ್ಟೇ ಆಗಿದ್ದರೆ ಬರೆಯುತ್ತಿರಲಿಲ್ಲ. ಕನಸಿನಲ್ಲಿ ನನ್ನ ಅಕ್ಕನೂ ಇದ್ದಳು. ಕೆಳಗೆ ನಿಂತು ನನ್ನನ್ನು ಕರೆಯುತ್ತಿದ್ದಳು. ಅಕ್ಕ ಇರೋದು ಬೇರೆ ಊರಿನಲ್ಲಿ. ಅವತ್ತೇ ಬೆಳಿಗ್ಗೆ ಫೋನಿನಲ್ಲಿ ಸಿಕ್ಕಾಗ, ತನ್ನ ಕನಸಿನಲ್ಲೂ ನಾನು ಬಂದಿದ್ದೆ ಅಂದಳು. ನಾನು ಏಣಿ ಮೇಲಿದ್ದೆನಂತೆ. "ಎರಡೇ ನಿಮಿಷ ಇರು, ಬಂದೆ" ಅಂದೆನಂತೆ.

ನನಗೆ ಮೂರು ತಿಂಗಳು, ಅವಳಿಗೆ ಎರಡು ನಿಮಿಷ. ಕನಸಿನೊಳಗೆ ಕಾಲ ನಿಜಕ್ಕೂ ಬೇರೆ ವೇಗದಲ್ಲಿ ಓಡುತ್ತದಾ? ಇಬ್ಬರು ಒಂದೇ ಕನಸಿನಲ್ಲಿ ಇರೋದು ಸಾಧ್ಯವಾ? ಸಾಧ್ಯ ಅಂತಾದರೆ ಯಾರ ಗಡಿಯಾರ ಲೆಕ್ಕಕ್ಕೆ?

ತಲೆಹರಟೆ

ಇದರಲ್ಲೇನಿದೆ? ಮೆದುಳು ನಿದ್ದೆಯಲ್ಲಿ ಇಪ್ಪತ್ತು ಪಟ್ಟು ಜೋರಾಗಿ ಓಡುತ್ತದೆ. ಇಲಿಗಳ ಮೇಲೆ ಪ್ರಯೋಗ ಮಾಡಿ ನೋಡಿದ್ದಾರೆ. ಲೆಕ್ಕ ಮುಗಿಯಿತು.

ಕತ್ತರಿ

ಲೆಕ್ಕ ಮುಗಿಯಲಿಲ್ಲ. ಒಂಬತ್ತು ಇಪ್ಪತ್ತಲೆ 180 ನಿಮಿಷ. ಮೂರು ಗಂಟೆ. ಮೂರು ತಿಂಗಳು ಬೇಕಾದರೆ 14,400 ಪಟ್ಟು ಓಡಬೇಕು.

ತಲೆಹರಟೆ

ಸರಿ ಸ್ವಾಮಿ. ಆದರೂ ಇಲಿ ಸುಳ್ಳಲ್ಲ.

ರಾತ್ರಿಪಾಳಿ

ಇಲಿ ಸುಳ್ಳಲ್ಲ, ಆದರೆ ಅರ್ಧ ಇಲಿ. ಪೂರ್ತಿ ಹೇಳುತ್ತೇನೆ.

ನಾನು ನಿದ್ದೆ ಪರೀಕ್ಷೆ ಮಾಡುವ ಲ್ಯಾಬಿನಲ್ಲಿ ಟೆಕ್ನಿಷಿಯನ್. ಇನ್ನೊಬ್ಬರು ಮಲಗೋದನ್ನು ನೋಡುತ್ತಾ ಕೂರೋದೇ ನನ್ನ ಸಂಬಳದ ಕೆಲಸ. ತಲೆಗೆ, ಕಣ್ಣಿನ ಪಕ್ಕಕ್ಕೆ, ಗದ್ದಕ್ಕೆ ಎಲೆಕ್ಟ್ರೋಡ್ ಅಂಟಿಸುತ್ತೇವೆ. ಅವುಗಳ ಸಿಗ್ನಲ್ ಸ್ಕ್ರೀನಿನಲ್ಲಿ ಗೆರೆಗಳಾಗಿ ಓಡುತ್ತದೆ, ಒಂದು ಪುಟ ಅಂದ್ರೆ 30 ಸೆಕೆಂಡ್. ಎಂಟು ಗಂಟೆ ನಿದ್ದೆಗೆ 960 ಪುಟ. ರೆಮ್ ನಿದ್ದೆ, ಅಂದ್ರೆ ಮುಚ್ಚಿದ ರೆಪ್ಪೆಯೊಳಗೆ ಕಣ್ಣು ಸರಸರ ಆಡುವ ನಿದ್ದೆ, ಶುರುವಾದರೆ ದೂರದಿಂದಲೇ ಗೊತ್ತಾಗುತ್ತದೆ. ಗದ್ದದ ಗೆರೆ ಸಪಾಟಾಗುತ್ತದೆ, ಯಾಕಂದ್ರೆ ಮೈಯ ಸ್ನಾಯುಗಳೆಲ್ಲ ಸಡಿಲ. ಕಣ್ಣಿನ ಎರಡು ಗೆರೆಗಳು ಮಾತ್ರ ಒಂದಕ್ಕೊಂದು ಎದುರಾಗಿ ಜಿಗಿಯುತ್ತಿರುತ್ತವೆ. ಕಥೆ ಕಥೆಯಾಗಿ ಬರುವ ಕನಸುಗಳು ಜಾಸ್ತಿ ಬೀಳೋದು ಈ ಹೊತ್ತಿನಲ್ಲಿ. ಇದನ್ನು ಅಸೆರಿನ್ಸ್ಕಿ ಮತ್ತು ಕ್ಲೈಟ್‌ಮನ್ ಅನ್ನೋ ನಿದ್ದೆ ಸಂಶೋಧಕರು 1953ರಲ್ಲಿ ಬರೆದು ತೋರಿಸಿದರು. ರಾತ್ರಿಯ ಮೊದಲ ರೆಮ್ ಕೆಲವೇ ನಿಮಿಷ. ಸುಮಾರು ತೊಂಬತ್ತು ನಿಮಿಷಕ್ಕೊಮ್ಮೆ ಮರಳಿ ಬಂದು, ಬೆಳಗಾಗುತ್ತಾ ಉದ್ದವಾಗುತ್ತದೆ. ಹಾಗಾಗಿ ಬೆಳಗಿನ ಸ್ನೂಝ್ ಹೊತ್ತಿನಲ್ಲಿ ಕನಸಿನೊಳಗೆ ಜಾರೋದು ಸುಲಭ.

ಈಗ ಇಲಿ. ಓಡುದಾರಿಯಲ್ಲಿ ಓಡಿದ ಇಲಿಯ ಮೆದುಳಿನಲ್ಲಿ ಯಾವ ಕೋಶ ಯಾವಾಗ ಮಿಡಿಯಿತು ಅಂತ ಗುರುತು ಹಾಕಿಕೊಳ್ಳುತ್ತಾರೆ. ಅದು ಮಲಗಿದಾಗ ಅದೇ ಸಾಲು ಮತ್ತೆ ಮಿಡಿಯುತ್ತದೆ. ಗಾಢ ನಿದ್ದೆಯಲ್ಲಿ ಅದು ತುಂಬಾ ವೇಗ, ಹತ್ತಿಪ್ಪತ್ತು ಪಟ್ಟು. ಇದು ನಿಮ್ಮ ಇಲಿ. ಆದರೆ ಕೆನ್‌ವೇ ಲೂಯಿ ಮತ್ತು ಮ್ಯಾಥ್ಯೂ ವಿಲ್ಸನ್ 2001ರಲ್ಲಿ ರೆಮ್ ನಿದ್ದೆಯನ್ನು ನೋಡಿದಾಗ, ಓಟ ಮರುಕಳಿಸಿದ್ದು ಹೆಚ್ಚುಕಡಿಮೆ ಎಚ್ಚರದಲ್ಲಿ ಓಡಿದ ವೇಗದಲ್ಲೇ. ಇಲಿಗೆ ಕನಸು ಬಿತ್ತಾ ಅಂತ ಇಲಿಯನ್ನು ಕೇಳೋಕಾಗಲ್ಲ, ಅದು ಬೇರೆ ಮಾತು.

ಮನುಷ್ಯರನ್ನು ಕೇಳಬಹುದಲ್ವಾ? 1957ರಲ್ಲಿ ಡಿಮೆಂಟ್ ಮತ್ತು ಕ್ಲೈಟ್‌ಮನ್ ಅದನ್ನೇ ಮಾಡಿದರು. ರೆಮ್ ಶುರುವಾಗಿ ಐದು ನಿಮಿಷಕ್ಕೋ ಹದಿನೈದು ನಿಮಿಷಕ್ಕೋ ಎಬ್ಬಿಸಿ, ಐದಾ ಹದಿನೈದಾ ಹೇಳಿ ಅಂದರು. 111 ಸಲ ಎಬ್ಬಿಸಿದ್ದರಲ್ಲಿ 92 ಸಲ ಸರಿಯುತ್ತರ. ಕನಸಿನ ಕಾಲ ಹುಚ್ಚಾಪಟ್ಟೆ ಓಡುವುದಾಗಿದ್ದರೆ ಇಷ್ಟು ಸಲ ಸರಿ ಬರುತ್ತಿರಲಿಲ್ಲ.

ತಲೆಹರಟೆ

ಹಾಗಾದರೆ ಫ್ರಾನ್ಸಿನ ವಿದ್ವಾಂಸ ಮೌರಿ ಕಂಡ ಕನಸು? ಕ್ರಾಂತಿಯ ಕಾಲ, ವಿಚಾರಣೆ, ಶಿಕ್ಷೆ, ಗಾಡಿಯಲ್ಲಿ ಮೆರವಣಿಗೆ, ಕೊನೆಗೆ ತಲೆ ಕಡಿಯುವ ಗಿಲೊಟಿನ್ ಯಂತ್ರ. ಕತ್ತಿ ಬಿತ್ತು, ಎಚ್ಚರಾಯಿತು. ನೋಡಿದರೆ ಮಂಚದ ಪಟ್ಟಿ ಕತ್ತಿನ ಮೇಲೆ ಬಿದ್ದಿದೆ. ಅಂದರೆ ಪಟ್ಟಿ ಬಿದ್ದು ಕಣ್ಣು ಬಿಡುವಷ್ಟರಲ್ಲಿ ಅಷ್ಟೂ ಕನಸು ಆಗಿಹೋಯಿತು. ಇದಕ್ಕೇನಂತೀರಿ?

ರಾತ್ರಿಪಾಳಿ

ಮೌರಿ ಅದನ್ನು ಪುಸ್ತಕದಲ್ಲಿ ಬರೆದದ್ದು 1861ರಲ್ಲಿ, ಕನಸು ಬಿದ್ದು ಎಷ್ಟೋ ವರ್ಷ ಆದಮೇಲೆ. ನೆನಪು ಅಷ್ಟರಲ್ಲಿ ಎಷ್ಟು ಸಲ ಪಾಲಿಶ್ ಆಗಿರಬೇಕು! ಜೊತೆಗೆ, ಗಿಲೊಟಿನ್ ಕನಸು ಮೊದಲೇ ನಡೆಯುತ್ತಿತ್ತು, ಪಟ್ಟಿ ಅದರ ಕೊನೆಗೆ ಬಂದು ಸೇರಿಕೊಂಡಿತು ಅಂತಲೂ ಇರಬಹುದು.

ಇದಕ್ಕೆ ಒಂದು ಒಳ್ಳೇ ಪರೀಕ್ಷೆ ಇದೆ. 1958ರಲ್ಲಿ ಡಿಮೆಂಟ್ ಮತ್ತು ವೋಲ್‌ಪರ್ಟ್ ರೆಮ್‌ನಲ್ಲಿರುವವರ ಮೇಲೆ ತಣ್ಣೀರು ಚಿಮುಕಿಸಿದರು. ಎಷ್ಟೋ ಜನರ ಕನಸಿಗೆ ನೀರು ಹೊಕ್ಕಿತು, ಮಳೆಯಾಗಿಯೋ ಸೋರುವ ಸೂರಾಗಿಯೋ. ಸ್ವಲ್ಪ ಹೊತ್ತು ಬಿಟ್ಟು ಎಬ್ಬಿಸಿ, ನೀರು ಬಂದಮೇಲೆ ಕನಸಿನಲ್ಲಿ ಏನೇನಾಯಿತು ಅಂತ ಕೇಳಿದರು. ಅಷ್ಟು ಕೆಲಸಕ್ಕೆ ಎಚ್ಚರದಲ್ಲಿ ಹಿಡಿಯುವಷ್ಟೇ ಹೊತ್ತು ಅಲ್ಲೂ ಕಳೆದಿತ್ತು. ನೀರು ಗುರುತಿನ ಮೊಳೆ ಹೊಡೆದ ಹಾಗೆ.

ಕತ್ತರಿ

ಅರೆನಿದ್ದೆಯವರೇ, ನಿಮಗೆ ಕೆಲವು ಪ್ರಶ್ನೆ. ನಾನು ವಿಡಿಯೋ ಎಡಿಟಿಂಗ್ ಮಾಡುವವನು, ನಮ್ಮ ಕಸುಬಿನ ಪ್ರಶ್ನೆಗಳು ಇವು. ಬೇಜಾರು ಮಾಡಿಕೊಳ್ಳಬೇಡಿ.

ಮೂರು ತಿಂಗಳಲ್ಲಿ ಎಷ್ಟು ಸಲ ಊಟ ಮಾಡಿದಿರಿ? ರಾತ್ರಿ ಎಲ್ಲಿ ಮಲಗಿದಿರಿ? ಒಂದು ಗೋಡೆಯನ್ನಾದರೂ ಈ ಮೂಲೆಯಿಂದ ಆ ಮೂಲೆಯವರೆಗೆ ಬಳಿದದ್ದು ನೆನಪಿದೆಯಾ? ಮುದುಕನಿಗೆ ಸಿಟ್ಟು ಬಂದದ್ದನ್ನು ಕಣ್ಣಾರೆ ಕಂಡಿರಾ, ಅಥವಾ ಅವನಿಗೆ ಸಿಟ್ಟು ಬರುತ್ತದೆ ಅಂತ ಗೊತ್ತಿತ್ತು ಅಷ್ಟೇನಾ?

ಅರೆನಿದ್ದೆ

ಕೂತು ಯೋಚಿಸಿದೆ. ನಾಚಿಕೆಯಾಗುತ್ತಿದೆ ಹೇಳೋಕೆ.

ಊಟ ಒಂದೂ ಇಲ್ಲ. ರಾತ್ರಿ ಒಂದೂ ಇಲ್ಲ. ನಿಜಕ್ಕೂ ಕಂಡದ್ದು ಅಂತ ಇರೋದು ನಾಲ್ಕೇ. ಒಂದು, ಕಿಟಕಿಯ ಚೌಕಟ್ಟಿನಿಂದ ಹಳೇ ಬಣ್ಣ ಕೆರೆಯುತ್ತಿದ್ದೆ. ಹಸಿರು ಬಣ್ಣದ ಕೆಳಗೆ ಬಿಳಿ, ಅದರ ಕೆಳಗೆ ಮತ್ತೆ ಹಸಿರು. ಸಿಪ್ಪೆ ಸುರುಳಿ ಸುರುಳಿಯಾಗಿ ಏಳುತ್ತಿತ್ತು. ಎರಡು, ಮುದುಕ ಡಬ್ಬಿಯ ಮುಚ್ಚಳ ತೆಗೆಯೋಕೆ ಒದ್ದಾಡುತ್ತಿದ್ದ, ಕೆಮ್ಮುತ್ತಿದ್ದ. ಮೂರು, ಖಾಲಿ ಕೋಣೆಯಲ್ಲಿ ನಿಂತು, ಇದು ಕೊನೇ ಕೋಣೆ ಅಂದುಕೊಂಡೆ. ನಾಲ್ಕು, ಅಕ್ಕ ಕೆಳಗಿನಿಂದ ಕರೆದಳು.

ಉಳಿದದ್ದೆಲ್ಲ ಆಗಿಹೋಗಿದೆ ಅನ್ನೋ ಅನಿಸಿಕೆ ಅಷ್ಟೇ. ಮೂರು ತಿಂಗಳು ಅನ್ನೋದು ಕೂಡ ಮೂರನೇ ದೃಶ್ಯದ ಜೊತೆಗೇ ಬಂದದ್ದು. ಕೋಣೆ ಕಾಣುವಾಗಲೇ ಇಲ್ಲಿಗೆ ಬಂದು ಮೂರು ತಿಂಗಳಾಯಿತು ಅಂತ ಗೊತ್ತಿತ್ತು.

ಕತ್ತರಿ

ನೋಡಿ, ಸಿಕ್ಕಿಬಿತ್ತು. ನಾವು ಎಡಿಟಿಂಗ್‌ನಲ್ಲಿ ಇದನ್ನೇ ಮಾಡೋದು. ಮಗು ಅಂಗಳದಲ್ಲಿ ಓಡುತ್ತದೆ, ಒಂದು ಕಟ್, ಅದೇ ಅಂಗಳದಲ್ಲಿ ಮೀಸೆ ಬಂದ ಹುಡುಗ ನಡೆದು ಬರುತ್ತಾನೆ. ನಡುವಿನ ಹದಿನೈದು ವರ್ಷ ಯಾರೂ ನೋಡಲಿಲ್ಲ. ಆದರೂ ಕಳೆದುಹೋಯಿತು ಅಂತ ಎಲ್ಲರೂ ಒಪ್ಪುತ್ತಾರೆ. ನಾವು ರೀಲನ್ನು ಜೋರಾಗಿ ಓಡಿಸಲಿಲ್ಲ. ಬೇಡದ್ದನ್ನು ಕತ್ತರಿಸಿ ಬಿಸಾಕಿದೆವು.

ನಾಲ್ಕು ದೃಶ್ಯ, ತಲಾ ಒಂದೆರಡು ನಿಮಿಷ. ಒಂಬತ್ತು ನಿಮಿಷದಲ್ಲಿ ಆರಾಮಾಗಿ ಹಿಡಿಸುತ್ತದೆ.

ಒಂದು ವ್ಯತ್ಯಾಸ ಮಾತ್ರ ಇದೆ, ನನಗೆ ಹೊಟ್ಟೆಕಿಚ್ಚು ಬರಿಸುವಂಥದ್ದು. ಹದಿನೈದು ವರ್ಷ ಆಯಿತು ಅಂತ ತೋರಿಸೋಕೆ ನಾನು ಮೀಸೆ ಅಂಟಿಸಬೇಕು, ಗೋಡೆಗೆ ಬಿರುಕು ಬಿಡಿಸಬೇಕು. ಕನಸಿಗೆ ಯಾವ ಪುರಾವೆಯೂ ಬೇಡ. ಮೂರು ತಿಂಗಳಾಯಿತು ಅನ್ನೋ ನಂಬಿಕೆಯನ್ನೇ ನೇರ ತಲೆಗೆ ಇಳಿಸಿಬಿಡುತ್ತದೆ. ಮುದುಕನ ಪರಿಚಯವೂ ಹಾಗೇ ಬಂದದ್ದು. ಅವನೊಡನೆ ನೀವು ಕಳೆದದ್ದು ಒಂದೂವರೆ ನಿಮಿಷ.

ಅರೆನಿದ್ದೆ

ಒಂದೂವರೆ ನಿಮಿಷದ ಮನುಷ್ಯನಿಗೋಸ್ಕರ ಎರಡು ದಿನ ಕೊರಗಿದೆನಾ?

ಕತ್ತರಿ

ಕೊರಗು ಸುಳ್ಳು ಅಂತ ನಾನು ಹೇಳಲಿಲ್ಲ.

ಎಚ್ಚರಗನಸು

ನನಗೆ ಲೂಸಿಡ್ ಡ್ರೀಮ್ ಆಗಾಗ ಬೀಳುತ್ತದೆ. ಅಂದ್ರೆ ಇದು ಕನಸು ಅಂತ ಕನಸಿನೊಳಗೇ ಗೊತ್ತಿರುತ್ತದೆ. ಇಂಥವರನ್ನು ಲ್ಯಾಬಿನಲ್ಲಿ ಮಲಗಿಸಿದ್ದಾರೆ. ರೆಮ್‌ನಲ್ಲಿ ಮೈ ಅಲ್ಲಾಡುವುದಿಲ್ಲ, ಕಣ್ಣು ಅಲ್ಲಾಡುತ್ತದಲ್ಲ? ಅದರಿಂದಲೇ ಸನ್ನೆ. ಎಡ ಬಲ ಎಡ ಬಲ ನೋಡಿದರೆ ಹೊರಗಿನವರಿಗೆ ಗೆರೆ ಕಾಣುತ್ತದೆ. 1975ರಲ್ಲಿ ಇಂಗ್ಲೆಂಡಿನಲ್ಲಿ ಕೀತ್ ಹರ್ನ್ ಇದನ್ನು ಮೊದಲು ದಾಖಲಿಸಿದರು. ಆಮೇಲೆ ಅಮೆರಿಕದಲ್ಲಿ ಸ್ಟೀಫನ್ ಲಾಬರ್ಜ್, ಕನಸಿನೊಳಗೆ ಸನ್ನೆ ಮಾಡಿ, ಹತ್ತು ಎಣಿಸಿ, ಮತ್ತೆ ಸನ್ನೆ ಮಾಡಿಸಿದರು. ಎಚ್ಚರದಲ್ಲಿ ಎಣಿಸುವಷ್ಟೇ ಹೊತ್ತು.

ಇದಕ್ಕಿಂತ ಮಜಾ ಅಂದರೆ ಎರ್ಲಾಕರ್ ಮತ್ತು ಶ್ರೆಡ್ಲ್ 2004ರಲ್ಲಿ ಪ್ರಕಟಿಸಿದ್ದು. ಕನಸಿನಲ್ಲಿ ಬಸ್ಕಿ ಹೊಡೆಯಿರಿ ಅಂದರು. ಎಣಿಕೆ ಸರಿಯಾಗಿತ್ತು, ಬಸ್ಕಿಗೆ ಮಾತ್ರ ಎಚ್ಚರಕ್ಕಿಂತ ಸುಮಾರು ಶೇಕಡ 40ರಷ್ಟು ಜಾಸ್ತಿ ಹೊತ್ತು ಹಿಡಿಯಿತು. ಅಂದರೆ ಕನಸಿನ ಮೈ ನಿಧಾನ! ನಾವೆಲ್ಲ ಉಲ್ಟಾ ಅಂದುಕೊಂಡಿದ್ದೆವು.

ನಾನೂ ಒಮ್ಮೆ ಪ್ರಯತ್ನಿಸಿದೆ. ಗೋಡೆ ಗಡಿಯಾರ ನೋಡಿದೆ, ನಾಲ್ಕೂ ಹತ್ತು. ಪಕ್ಕಕ್ಕೆ ತಿರುಗಿ ಮತ್ತೆ ನೋಡಿದೆ, ಏಳೂವರೆ. ಮೂರನೇ ಸಲ ಮುಳ್ಳೇ ಇರಲಿಲ್ಲ, ಅಂಕಿಗಳ ಜಾಗದಲ್ಲಿ ಯಾವುದೋ ಅಕ್ಷರಗಳು. ಸುಮ್ನೆ ನಕ್ಕುಬಿಟ್ಟೆ, ಎಚ್ಚರವಾಯಿತು. ಹಾಗಾಗಿ ಕನಸಿನಲ್ಲಿ ಟೈಮ್ ನೋಡಬೇಡಿ, ಎಣಿಸಿ.

ರಾತ್ರಿಪಾಳಿ

ಕತ್ತರಿ ಹೇಳಿದ್ದಕ್ಕೆ ಎಚ್ಚರದ ಕಡೆಯಿಂದಲೂ ಒಂದು ಸಾಕ್ಷಿ ಇದೆ. ಅಪಘಾತದಲ್ಲಿ ಕಾಲ ನಿಧಾನವಾಯಿತು ಅನ್ನುತ್ತಾರಲ್ಲ. 2007ರಲ್ಲಿ ಡೇವಿಡ್ ಈಗಲ್‌ಮನ್ ಮತ್ತು ಜೊತೆಯವರು ಜನರನ್ನು 31 ಮೀಟರ್ ಎತ್ತರದಿಂದ ಬಲೆಗೆ ಬೀಳಿಸಿದರು. ಕೈಗೆ ಸರಸರ ಮಿನುಗುವ ಅಂಕಿಗಳ ಪಟ್ಟಿ. ಕಾಲ ನಿಜಕ್ಕೂ ನಿಧಾನವಾದರೆ ಆ ಅಂಕಿ ಓದೋಕಾಗಬೇಕು. ಆಗಲಿಲ್ಲ. ಆದರೆ ಆಮೇಲೆ ಕೇಳಿದಾಗ, ತಾವು ಬಿದ್ದ ಹೊತ್ತನ್ನು ಬೇರೆಯವರು ಬಿದ್ದ ಹೊತ್ತಿಗಿಂತ ಮೂರನೇ ಒಂದು ಪಾಲಿಗೂ ಜಾಸ್ತಿ ಉದ್ದ ಹೇಳಿದರು. ಉದ್ದವಾದದ್ದು ನೆನಪು, ಬೀಳುವಿಕೆ ಅಲ್ಲ.

ಹಳೇಪೆಟ್ಟಿಗೆ

ಲ್ಯಾಬ್ ಎಲ್ಲ ಈಚೆಗೆ ಬಂದದ್ದು. ಯೋಗವಾಸಿಷ್ಠದ ಲವಣ ರಾಜನ ಕಥೆ ನಿಮಗೆ ಗೊತ್ತಿರಬಹುದು. ಇಂದ್ರಜಾಲದವನು ನವಿಲುಗರಿಯ ಗೊಂಚಲು ಬೀಸುತ್ತಾನೆ, ರಾಜ ಸಿಂಹಾಸನದಲ್ಲೇ ಮಂಕಾಗಿ ಕೂರುತ್ತಾನೆ. ಎಚ್ಚರವಾದಾಗ ಹೇಳುತ್ತಾನೆ: ತಾನು ಕಾಡಿನಲ್ಲಿ ದಾರಿ ತಪ್ಪಿ, ಬೇಟೆಗಾರರ ಕೇರಿಯಲ್ಲಿ ಮದುವೆಯಾಗಿ, ಮಕ್ಕಳಾಗಿ, ಮುದುಕನಾಗಿ, ಬರಗಾಲ ಬಂದು ಬೆಂಕಿಗೆ ಹಾರುವವರೆಗೆ ಬದುಕಿದೆ ಅಂತ. ಸಭೆಯವರಿಗೆ ಕಳೆದದ್ದು ಸ್ವಲ್ಪ ಹೊತ್ತು ಮಾತ್ರ.

ಇಲ್ಲಿಯವರೆಗೆ ಅರೆನಿದ್ದೆಯವರ ಮೊದಲ ಪ್ರಶ್ನೆ. ಕಥೆ ಮುಂದೆ ಹೋಗುತ್ತದೆ. ರಾಜ ಸುಮ್ಮನೆ ಕೂರದೆ ಆ ಕೇರಿಯನ್ನು ಹುಡುಕಿಕೊಂಡು ಹೊರಡುತ್ತಾನೆ. ಕೇರಿ ಸಿಗುತ್ತದೆ! ಹೋದ ಅಳಿಯನಿಗಾಗಿ ಅಳುವ ಅತ್ತೆಯೂ ಸಿಗುತ್ತಾಳೆ. ಇದು ಎರಡನೇ ಪ್ರಶ್ನೆ.

ಕನ್ನಡದಲ್ಲೇ ಬೇಕಾದರೆ ಹಳಗನ್ನಡ ಕವಿ ನೇಮಿಚಂದ್ರನ ಲೀಲಾವತಿ ಕಾವ್ಯ ಇದೆ. ಕಂದರ್ಪ ಕನಸಿನಲ್ಲಿ ಲೀಲಾವತಿಯನ್ನು ಕಾಣುತ್ತಾನೆ, ಅವಳು ಅವನನ್ನು ಕಾಣುತ್ತಾಳೆ. ಮೊದಲು ಒಬ್ಬರನ್ನೊಬ್ಬರು ಕಂಡವರೇ ಅಲ್ಲ. ಎದ್ದು ಹುಡುಕಾಟ.

ಎರಡರಲ್ಲೂ ನನಗೆ ಹಿಡಿಸಿದ್ದು ಒಂದೇ. ಕನಸು ತನ್ನೊಬ್ಬನದೇ ಅಂತ ಇವರು ಒಪ್ಪೋದಿಲ್ಲ. ಆ ಕಡೆಯವರನ್ನು ಕೇಳಿ ನೋಡಬೇಕು ಅಂತ ಎದ್ದು ಹೊರಡುತ್ತಾರೆ.

ಅವಳಿ

ಆ ಕಡೆಯವರನ್ನು ಕೇಳಿ ನೋಡಿದವಳು ನಾನು. ಹೆಸರೇ ಹೇಳುವಂತೆ ನನಗೊಬ್ಬಳು ಅವಳಿ ತಂಗಿ. ಇಬ್ಬರಿಗೂ ಒಂದೇ ಕನಸು ಬೀಳುತ್ತದೆ ಅಂತ ಚಿಕ್ಕಂದಿನಿಂದ ನಂಬಿದ್ದೆವು. ಎಷ್ಟು ಸಲ ಅಂದರೆ, ಬೆಳಿಗ್ಗೆ ಒಬ್ಬಳು ಶುರು ಮಾಡಿದರೆ ಇನ್ನೊಬ್ಬಳು ಮುಗಿಸುತ್ತಿದ್ದಳು.

ಎರಡು ವರ್ಷದ ಹಿಂದೆ ಪಂದ್ಯ ಕಟ್ಟಿಕೊಂಡೆವು. ನಲವತ್ತು ದಿನ ಎದ್ದ ತಕ್ಷಣ ಬರೆಯೋದು. ಬರೆಯುವವರೆಗೆ ಫೋನ್ ಇಲ್ಲ. ಆಮೇಲೂ ಕನಸಿನ ಮಾತಿಲ್ಲ. ಮುಗಿದ ಮೇಲೆ ಪುಸ್ತಕಗಳನ್ನು ಎದುರುಬದುರು ಇಟ್ಟು ನೋಡಿದರೆ, ಆರು ದಿನ ಹೊಂದಿಕೆಯಾಗಿತ್ತು. ಕುಣಿದಾಡಿದೆವು. ಒಂದು ದಿನ ಇಬ್ಬರಿಗೂ ನೀರು ತುಂಬಿದ ಮೆಟ್ಟಿಲು, ಇನ್ನೊಂದು ದಿನ ಇಬ್ಬರೂ ನಾವು ಬೆಳೆದ ಮನೆಯಲ್ಲಿ.

ಪಕ್ಕದಲ್ಲೇ ಕೂತಿದ್ದ ಗೆಳತಿಗೆ ಇದು ಸೇರಲಿಲ್ಲ. ಪುಟಗಳನ್ನು ಕಿತ್ತು, ದಿನಾಂಕ ಕತ್ತರಿಸಿ ತೆಗೆದು, ಇಸ್ಪೀಟಿನ ಹಾಗೆ ಕಲಸಿ ಮುಂದಿಟ್ಟಳು. ಈಗ ಜೋಡಿ ಹುಡುಕಿ ಅಂದಳು. ಏಳು ಜೋಡಿ ಹುಡುಕಿದೆವು, ಎದೆ ತಟ್ಟಿ. ಪುಟದ ಹಿಂದೆ ಅವಳು ಹಾಕಿಟ್ಟ ಗುರುತು ನೋಡಿದರೆ ಒಂದೇ ದಿನದ ಜೋಡಿ ಒಂದು ಮಾತ್ರ. ನನ್ನ ಮೂರನೇ ದಿನ ತಂಗಿಯ ಇಪ್ಪತ್ತೊಂಬತ್ತನೇ ದಿನಕ್ಕೆ ಸೊಗಸಾಗಿ ಹೊಂದಿತ್ತು.

ನೀರು, ಮೆಟ್ಟಿಲು, ಪರೀಕ್ಷೆಗೆ ತಡ, ಯಾರೋ ಅಟ್ಟಿಸಿಕೊಂಡು ಬರೋದು, ಬೆಳೆದ ಮನೆ. ಇಬ್ಬರ ಸಾಮಾನೂ ಒಂದೇ ಉಗ್ರಾಣದ್ದು. ಯಾವ ರಾತ್ರಿ ತೆಗೆದರೂ ಹೋಲುತ್ತದೆ. ಚಿಕ್ಕಂದಿನಲ್ಲಿ ಒಬ್ಬಳ ಕನಸನ್ನು ಇನ್ನೊಬ್ಬಳು ಮುಗಿಸುತ್ತಿದ್ದದ್ದು ಬಹುಶಃ ಅಲ್ಲೇ ಕಟ್ಟಿದ್ದು. ಹೇಳುತ್ತಾ ಹೇಳುತ್ತಾ ಒಂದಾಗುತ್ತಿತ್ತು. ತಂಗಿ ಇದನ್ನು ಇವತ್ತಿಗೂ ಒಪ್ಪಿಲ್ಲ, ಆ ಒಂದು ಜೋಡಿಯನ್ನು ಹಿಡಿದುಕೊಂಡು ಕೂತಿದ್ದಾಳೆ.

ತಲೆಹರಟೆ

ತಂಗಿಗೆ ನನ್ನ ಬೆಂಬಲ.

ದಾರಿಹೋಕ

ತಾನಾಗಿ ಆಗದಿದ್ದರೂ ಕಟ್ಟಿಕೊಳ್ಳಬಹುದಲ್ವಾ? 2021ರಲ್ಲಿ ಕ್ಯಾರೆನ್ ಕಾಂಕೊಲಿ, ಕೆನ್ ಪ್ಯಾಲರ್ ಮತ್ತು ಇನ್ನೂ ಮೂರು ದೇಶಗಳ ಲ್ಯಾಬಿನವರು ಕನಸು ಕಾಣುತ್ತಿರುವವರನ್ನು ಪ್ರಶ್ನೆ ಕೇಳಿ ಉತ್ತರ ಪಡೆದರು. ಎಂಟರಲ್ಲಿ ಆರು ಕಳೆದರೆ ಎಷ್ಟು? ಮಲಗಿದವನು ಕಣ್ಣನ್ನು ಎಡಕ್ಕೂ ಬಲಕ್ಕೂ ಎರಡು ಸಲ ಆಡಿಸಿದ. ಪ್ರಶ್ನೆ ಕೆಲವರಿಗೆ ಕನಸಿನೊಳಗಿನ ರೇಡಿಯೋದಲ್ಲಿ ಕೇಳಿದ ಹಾಗಿತ್ತಂತೆ.

ಹಾಗಾದರೆ ಇಬ್ಬರನ್ನು ಅಕ್ಕಪಕ್ಕದ ಕೋಣೆಯಲ್ಲಿ ಮಲಗಿಸಿ, ಇವನ ಸನ್ನೆಯನ್ನು ಅವಳ ಕಿವಿಗೆ, ಅವಳದನ್ನು ಇವನ ಕಿವಿಗೆ ಹಾಕಿದರೆ?

ರಾತ್ರಿಪಾಳಿ

ಕಾಗದದ ಮೇಲೆ ಆಗುತ್ತದೆ. ಆದರೆ ಆ ಪ್ರಯೋಗದಲ್ಲೇ 158 ಸಲ ಕೇಳಿದ್ದಕ್ಕೆ ಸರಿಯುತ್ತರ ಬಂದದ್ದು ಶೇಕಡ 18ರಷ್ಟು. ಹೆಚ್ಚಿನ ಸಲ ಉತ್ತರವೇ ಇಲ್ಲ. ಈಗ ಇಬ್ಬರೂ ಒಂದೇ ಹೊತ್ತಿಗೆ ರೆಮ್‌ನಲ್ಲಿರಬೇಕು, ಇಬ್ಬರಿಗೂ ಕನಸು ಅಂತ ಗೊತ್ತಿರಬೇಕು, ಇಬ್ಬರೂ ಎಚ್ಚರವಾಗಬಾರದು. ನಾನು ರಾತ್ರಿಯೆಲ್ಲ ಎರಡು ಸ್ಕ್ರೀನ್ ನೋಡುತ್ತಾ ಕೂತರೆ, ಎರಡರಲ್ಲೂ ರೆಮ್ ಒಟ್ಟಿಗೆ ಕಾಣುವ ಹೊತ್ತು ಸಿಗುತ್ತದೆ, ಸಿಗದೇ ಏನಿಲ್ಲ. ಆದರೆ ನೀವು ಎಡ-ಬಲ ಅಂದದ್ದು ಅವಳಿಗೆ ರೇಡಿಯೋದಲ್ಲಿ ಬೀಪ್ ಆಗಿ ಕೇಳಿದರೆ, ಅದು ಒಂದೇ ಕನಸಾ? ಇಬ್ಬರು ಬೇರೆ ಬೇರೆ ಮನೆಯಲ್ಲಿ ಕೂತು ಫೋನಿನಲ್ಲಿ ಮಾತಾಡಿದ ಹಾಗಾಯಿತು.

ಕತ್ತರಿ

ಕಾಲದ ತೊಡಕೂ ಇದೆ. ಇವನ ಕನಸಿನಲ್ಲಿ ಒಂದು ಕಟ್ ಬಿದ್ದು ಮೂರು ತಿಂಗಳು ಹಾರಿತು ಅಂದುಕೊಳ್ಳಿ. ಅವಳ ಕನಸಿನಲ್ಲಿ ಕಟ್ ಬಿದ್ದಿಲ್ಲ. ಇವನು ಮೂರು ತಿಂಗಳು ಹಳಬ, ಅವಳು ಇನ್ನೂ ಏಣಿಯ ಕೆಳಗೇ ನಿಂತಿದ್ದಾಳೆ. ಒಂದೇ ಕನಸು ಇರಬೇಕಾದರೆ ಒಬ್ಬನೇ ಎಡಿಟರ್ ಇರಬೇಕು. ಇಬ್ಬರು ಎಡಿಟರ್ ಸೇರಿ ಒಂದು ಸಿನಿಮಾ ಮುಗಿಸಿದ್ದನ್ನು ನಾನಂತೂ ನೋಡಿಲ್ಲ.

ಅವಳಿ

ಅರೆನಿದ್ದೆಯವರೇ, ಒಂದು ಕೇಳಲಾ? ಏಣಿ ಅನ್ನೋದನ್ನು ಮೊದಲು ಹೇಳಿದ್ದು ಯಾರು, ನೀವಾ ಅಕ್ಕನಾ?

ಅರೆನಿದ್ದೆ

ಈ ಪ್ರಶ್ನೆ ಬರಬಾರದು ಅಂತ ಎರಡು ದಿನದಿಂದ ಕಾಯುತ್ತಿದ್ದೆ.

ಫೋನ್ ತೆಗೆದು ನೋಡಿದೆ. ಅಕ್ಕನ ಮೆಸೇಜ್ 7:12ಕ್ಕೆ ಬಂದಿದೆ. ಅದರಲ್ಲಿರೋದು ಇಷ್ಟೇ: "ಕನಸಲ್ಲಿ ಬಂದಿದ್ದೆ ಕಣೋ. ಹುಷಾರಾಗಿದ್ದೀಯಾ? ಫೋನ್ ಮಾಡು." ಏಣಿ ಇಲ್ಲ, ಬಣ್ಣ ಇಲ್ಲ. ಫೋನ್ ಮಾಡಿದವನು ನಾನು. "ಅಕ್ಕಾ, ನನ್ನ ಕನಸಲ್ಲಿ ನೀನೂ ಇದ್ದೆ, ನಾನು ಬಣ್ಣ ಹೊಡೀತಿದ್ದೆ" ಅಂತ ಶುರು ಮಾಡಿದ್ದು ನಾನೇ ಇರಬೇಕು. ನನ್ನ ಬಾಯಿ ನನಗೆ ಗೊತ್ತು.

ನಿನ್ನೆ ಅವಳನ್ನೇ ಕೇಳಿದೆ. "ಮೇಲೆಲ್ಲೋ ಇದ್ದೆ, ಮಾಳಿಗೆ ಇರಬಹುದು, ಏಣಿ ಅಂತ ನೀನೇ ಅಂದೆ ಅನಿಸುತ್ತೆ" ಅಂದಳು. ಆಮೇಲೆ ಅವಳೇ, "ಆದ್ರೆ ಎರಡು ನಿಮಿಷ ಇರು ಅಂದಿದ್ದು ಮಾತ್ರ ಖಂಡಿತ, ನೀನು ಚಿಕ್ಕವನಿದ್ದಾಗಿಂದ ಹಾಗೇ ಅಲ್ವಾ ಅನ್ನೋದು" ಅಂದಳು. ಅದಕ್ಕೆ ಕನಸೇ ಬೇಕಿರಲಿಲ್ಲ ಹಾಗಾದರೆ.

ಇಬ್ಬರಿಗೂ ಒಂದೊಂದು ನೋಟ್‌ಬುಕ್ ತಂದಿದ್ದೇನೆ. ಅಕ್ಕನ ಮೊದಲ ಪ್ರಶ್ನೆ: ಕನಸೇ ಬೀಳದ ದಿನ ಏನು ಬರೆಯೋದು?

ಅವಳಿ

ದಿನಾಂಕ ಹಾಕಿ "ಇಲ್ಲ" ಅಂತ ಬರೆಯಲಿ. ನಾವು ಆ ದಿನಗಳನ್ನು ಬಿಟ್ಟುಬಿಟ್ಟಿದ್ದೆವು, ಆಮೇಲೆ ಯಾವುದರ ಎದುರಿಗೆ ಯಾವುದು ಅಂತ ಲೆಕ್ಕ ಸಿಗದೆ ಪರದಾಡಿದೆವು. ಪೆನ್ನನ್ನು ನೋಟ್‌ಬುಕ್‌ಗೇ ಕಟ್ಟಿಡಿ. ಹುಡುಕುವಷ್ಟರಲ್ಲಿ ಅರ್ಧ ಕನಸು ಹೋಗಿರುತ್ತದೆ.

ಎಚ್ಚರಗನಸು

ಮತ್ತೆ ಆ ಮುದುಕ ಸಿಕ್ಕರೆ ಹತ್ತರವರೆಗೆ ಎಣಿಸಿ. ಅವನ ಜೊತೆ ಎಷ್ಟು ಹೊತ್ತು ಇದ್ದಿರಿ ಅಂತಾದರೂ ಗೊತ್ತಾಗಲಿ.

ಅರೆನಿದ್ದೆ

ಸಿಕ್ಕರೆ ಮೊದಲು ಡಬ್ಬಿಯ ಮುಚ್ಚಳ ತೆಗೆದುಕೊಡುತ್ತೇನೆ. ಅವತ್ತು ನೋಡುತ್ತಾ ನಿಂತಿದ್ದೆ ಅಷ್ಟೇ.